ರೈಲಿನಲ್ಲಿ ಬಂದ ಕಲ್ಲು

ನನ್ನ ಆಯುಸ್ಸಿನ ಒಂದು ಪಾಲು ರೈಲ್ವೆ ಗೇಟಿನ ಮುಂದೆ ಕಳೆದುಹೋಗಿದೆ. ಕಾಲೇಜಿನ ಬಸ್ಸು ಓಡಿಸುವವನು ನಾನು. ಊರಾಚೆಯ ಬಡಾವಣೆಗಳಿಂದ ಹುಡುಗರನ್ನು ತುಂಬಿಕೊಂಡು ಕಾಲೇಜಿಗೆ ಬರಬೇಕಾದರೆ ಆ ಗೇಟು ದಾಟಲೇಬೇಕು, ಬೇರೆ ದಾರಿಯಿಲ್ಲ. ನಾನು ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ನನಗಾಗಿಯೇ ಕಾದಿದ್ದ ಹಾಗೆ ಆ ಕೆಂಪು ಬಿಳಿ ಪಟ್ಟೆಯ ಅಡ್ಡಕಂಬ ಕೆಳಗಿಳಿಯುತ್ತದೆ. ಆಮೇಲೆ ಗೂಡ್ಸ್ ಗಾಡಿ ಬರುತ್ತದೆ. ಬರುತ್ತದೆ ಅಂದರೆ ಬರುತ್ತಲೇ ಇರುತ್ತದೆ, ಮುಗಿಯುವ ಮಾತೇ ಇಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಾರ್ನ್ ಹೊಡೆಯುತ್ತಿದ್ದೆ. ಹಾರ್ನ್ ಹೊಡೆದರೆ ರೈಲು ಬೇಗ ಹೋಗುವುದಿಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದೇ ಹೊಡೆಯುತ್ತಿದ್ದೆ.

ಒಂದು ದಿನ ಗೇಟು ಹಾಕುವ ಹೆಂಗಸು ಬಂದು ನನ್ನ ಕಿಟಕಿಯ ಕೆಳಗೆ ನಿಂತಳು. ಕೈಯಲ್ಲಿ ಸುತ್ತಿಟ್ಟ ಬಾವುಟ, ಸೀರೆಯ ಮೇಲೊಂದು ದೊಗಲೆ ಖಾಕಿ ಅಂಗಿ.

"ಅಣ್ಣಾ, ಹಾರ್ನ್ ಹೊಡೆದು ಹೊಡೆದು ಸುಸ್ತಾಗಿರಬೇಕು. ಸ್ವಲ್ಪ ನೀರು ತರ್ಲಾ?"

ಬಸ್ಸು ತುಂಬ ನಗು. ನನ್ನ ಮುಖ ಸುಟ್ಟ ಬದನೆಕಾಯಿ ಆಯಿತು. ಅಂದಿನಿಂದ ಆ ಗೇಟಿನಲ್ಲಿ ನಾನು ಹಾರ್ನ್ ಮುಟ್ಟಲಿಲ್ಲ. ಹುಡುಗರು ಆಕೆಯನ್ನು ಗೇಟಕ್ಕ ಎಂದು ಕರೆಯುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ಆದರೂ ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂತು.

ಗೇಟಿನಲ್ಲಿ ಮೊದಲು ಇದ್ದವನು ಆಕೆಯ ಗಂಡ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಅವನ ಕೆಲಸ, ಅವನ ಖಾಕಿ ಅಂಗಿ, ಅವನ ತಾಯಿ, ಮೂರೂ ಗೇಟಕ್ಕನ ಪಾಲಿಗೆ ಬಂದವು. ಹಳಿಯ ಪಕ್ಕದಲ್ಲಿ ಗೇಟಿನವರು ಕೂರುವ ಒಂದು ಗೂಡು, ಅದರ ಹಿಂದೆ ಒಂದೂವರೆ ಕೋಣೆಯ ಕ್ವಾರ್ಟರ್ಸು. ಗಾಡಿ ಹೋದಾಗಲೆಲ್ಲ ಒಳಗಿನ ಪಾತ್ರೆಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತವೆ. ಕೆಲಸ ಬಿಟ್ಟರೆ ಮನೆ ಬಿಡಬೇಕು, ಮನೆ ಬಿಟ್ಟರೆ ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಹಾಗಾಗಿ ಗೇಟಕ್ಕ ಅಲ್ಲೇ ಉಳಿದಳು.

ಉಳಿದಳು ಅನ್ನುವುದಕ್ಕಿಂತ ಕಟ್ಟಿಹಾಕಿಸಿಕೊಂಡಳು ಅನ್ನಬೇಕು. ಗೂಡಿನಲ್ಲಿ ಒಂದು ಫೋನು. ಗಾಡಿ ಹೊರಟ ಕೂಡಲೇ ಸ್ಟೇಷನ್ನಿನಿಂದ ಅದು ಹೊಡೆದುಕೊಳ್ಳುತ್ತದೆ, ಆಗ ಗೇಟು ಹಾಕಬೇಕು. ಡ್ಯೂಟಿಯಲ್ಲಿ ಇರುವವರು ಆ ಗಂಟೆ ಕೇಳಿಸದಷ್ಟು ದೂರ ಹೋಗುವ ಹಾಗಿಲ್ಲ. ಗಂಟೆ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಗೆ ಆಕೆಯ ಪ್ರಪಂಚ ಮುಗಿಯಿತು. ಒಂದು ಕಡೆ ಕಲ್ಲುಬೆಂಚು, ಇನ್ನೊಂದು ಕಡೆ ನಲ್ಲಿ. ಅದರಾಚೆ ಹಳಿ ತಿರುಗಿ ಒಂದು ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣುತ್ತದೆ, ಕೂಗಿದರೆ ಮರುದನಿ ಬರುತ್ತದೆ, ಆದರೆ ಅಲ್ಲಿಗೆ ಗಂಟೆ ಕೇಳಿಸುವುದಿಲ್ಲ. ವಾರಕ್ಕೊಂದು ರಜೆ ಕಾಗದದ ಮೇಲಿತ್ತು. ಆ ದಿನಕ್ಕೆ ಬರಬೇಕಾದ ಬದಲಿಯವನು ಸಾಮಾನ್ಯವಾಗಿ ಬರುತ್ತಿರಲಿಲ್ಲ.

ಈ ಹೆಂಗಸು ಒಂದು ಸಂಜೆ ನನ್ನ ಬಸ್ಸು ಹತ್ತಿದಾಗ ನನಗೆ ಆಶ್ಚರ್ಯವಾಯಿತು.

"ಎಲ್ಲಿಗೆ ಗೇಟಕ್ಕ?"

"ಕಾಲೇಜಿಗೆ ಅಣ್ಣ. ಸೇರಿಕೊಂಡೆ."

ಆಕೆಯ ಪದವಿ ಒಂದೇ ಒಂದು ವಿಜ್ಞಾನದ ವಿಷಯಕ್ಕೆ ನಿಂತುಹೋಗಿತ್ತಂತೆ. ಕೊನೆಯ ವರ್ಷದಲ್ಲಿ ಮದುವೆ ಮಾಡಿದರು, ಪುಸ್ತಕ ಅಟ್ಟ ಸೇರಿತು. ಈಗ ಯಾವುದಾದರೂ ಒಂದು ವಿಜ್ಞಾನ ಪಾಸಾದರೆ ಪದವಿ, ಪದವಿ ಇದ್ದರೆ ಇಲಾಖೆಯ ಒಳಗಿನ ಪರೀಕ್ಷೆ, ಅದೂ ಆದರೆ ಊರೊಳಗಿನ ದೊಡ್ಡ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ. ಫ್ಯಾನಿನ ಕೆಳಗೆ ಕುರ್ಚಿ, ನೆಲ ನಡುಗದ ಮನೆ, ವಾರಕ್ಕೊಂದು ನಿಜವಾದ ರಜೆ. ವಯಸ್ಸಿನ ಮಿತಿಯ ಪ್ರಕಾರ ಆಕೆಗೆ ಅದೇ ಕೊನೆಯ ವರ್ಷ.

"ಯಾವ ವಿಷಯ ತಗೊಂಡೆ?"

"ಭೂವಿಜ್ಞಾನ. ಕಲ್ಲು ಮಣ್ಣಿನ ಮೇಲೆ ಪ್ರೀತಿ ಅಂತೇನಲ್ಲ ಅಣ್ಣ. ಸಂಜೆ ಹೊತ್ತು ಪಾಠ ಮಾಡೋ ವಿಜ್ಞಾನ ಅದೊಂದೇ."

ಸಂಜೆ ತರಗತಿ ಮುಗಿಯುವವರೆಗೆ ನಾನೂ ಕಾಯಬೇಕು, ಎಲ್ಲರನ್ನೂ ವಾಪಸ್ ಬಿಡಬೇಕು. ಬಸ್ಸಿನಲ್ಲಿ ಸೊಳ್ಳೆ. ಹಾಗಾಗಿ ಕೊನೆಯ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದೆ. ತೂಕಡಿಸುತ್ತಲೇ ನನಗೂ ಒಂದಿಷ್ಟು ತಲೆಗೆ ಹೋಗಿದೆ. ಬೆಂಕಿಯಲ್ಲಿ ಹುಟ್ಟಿದ ಶಿಲೆ, ನೀರು ತಂದು ಪದರ ಪದರವಾಗಿ ಹಾಸಿದ ಶಿಲೆ, ಒತ್ತಡದಲ್ಲಿ ಸಿಕ್ಕಿ ರೂಪ ಬದಲಿಸಿದ ಶಿಲೆ. ಪರೀಕ್ಷೆ ಬರೆಯಲಿಲ್ಲ ಅಷ್ಟೇ, ಬರೆದಿದ್ದರೆ ಆ ಹುಡುಗರಲ್ಲಿ ಅರ್ಧ ಜನರಿಗಿಂತ ನಾನೇ ವಾಸಿ. ಪಾಠ ಮಾಡುವ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ಕಲ್ಲು ಕೈಗೆತ್ತಿಕೊಂಡರೆ ಊಟ ಮರೆಯುವ ಪೈಕಿ.

ಗೇಟಕ್ಕ ಮುಂದಿನ ಬೆಂಚು. ಮೈಯೆಲ್ಲ ಕಿವಿಯಾಗಿ ಕೇಳುವುದು. ತರಗತಿಯಲ್ಲಿ ಕೇಳಿದ್ದನ್ನು ಮನೆಗೆ ಹೋಗಿ ಅತ್ತೆಗೆ ಒಪ್ಪಿಸುವುದು. ಮಾರನೆಯ ದಿನ ಬಸ್ಸಿನಲ್ಲಿ ಅತ್ತೆ ಸೊಸೆಯ ಸಂವಾದದ ವರದಿ ನನಗೆ.

"ಭೂಮಿ ಸುಮ್ನೆ ಕೂತಿಲ್ಲ ಅತ್ತೆ, ಖಂಡಗಳೇ ಸರೀತಾವೆ, ಉಗುರು ಬೆಳೆಯೋ ವೇಗದಲ್ಲಿ ಅಂದೆ. ಅದಕ್ಕೆ ನಮ್ಮತ್ತೆ, 'ಹಂಗಾದ್ರೆ ನಾವೂ ಹೋಗ್ತಾ ಇದ್ದೀವೇನೇ?' ಅಂದ್ರು. ಹೂಂ ಅತ್ತೆ, ಗೇಟ್ ಸಮೇತ, ಅಂದೆ."

ಹೀಗೆ ನಗಿಸುತ್ತಿದ್ದಳು. ಆದರೆ ಬಸ್ಸು ಹತ್ತುವ ಮುಂಚೆ ಆಕೆಯ ಮುಖ ನೋಡಬೇಕಿತ್ತು. ಹಗಲಿನ ಡ್ಯೂಟಿ ಸಂಜೆ ಆರಕ್ಕೆ ಮುಗಿಯಬೇಕು, ರಾತ್ರಿಯವನು ಬಂದು ಬಾವುಟ, ಬೀಗದ ಕೈ ವಹಿಸಿಕೊಳ್ಳಬೇಕು. ಆ ರಾತ್ರಿಯವನಿಗೆ ನಾವೆಲ್ಲ ಇಟ್ಟ ಹೆಸರು ಬಂದೆಬಂದೆ. ಫೋನು ಮಾಡಿ ಎಲ್ಲಿದ್ದೀಯ ಎಂದರೆ "ಬಂದೆ, ಬಂದೆ" ಅನ್ನುವನು, ಕೂತಲ್ಲಿಂದ ಏಳುವವನಲ್ಲ. ಕೆಟ್ಟವನಲ್ಲ ಪಾಪ. ಕ್ಷೌರದ ಅಂಗಡಿಯ ಹಿಂದೆ ಕೇರಂ ಬೋರ್ಡು ಇತ್ತು, ಅದರ ಮುಂದೆ ಕೂತರೆ ತಲೆ ಮೇಲೆ ತಲೆ ಬಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾನು ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ ಹಲ್ಲು ಕಡಿಯುತ್ತಾ ಕಾಯುತ್ತಿದ್ದೆ. ಗೇಟಕ್ಕ ಬ್ಯಾಗು ಹೆಗಲಿಗೇರಿಸಿ, ಬಾವುಟ ಕೈಯಲ್ಲಿ ಹಿಡಿದು, ರಸ್ತೆಯ ತುದಿ ನೋಡುತ್ತಾ ನಿಂತಿರುತ್ತಿದ್ದಳು. ಎಷ್ಟೋ ಸಂಜೆ "ನೀವು ಹೋಗಿ ಅಣ್ಣ, ಹುಡುಗರಿಗೆ ಲೇಟಾಗುತ್ತೆ" ಎಂದು ಕೈ ಬೀಸಿದಳು. ನಾನು ಬಂದೆಬಂದೆಯ ಏಳು ತಲೆಮಾರಿಗೂ ಸೇರಿಸಿ ಬೈಯುತ್ತಾ ಗಾಡಿ ಬಿಡುತ್ತಿದ್ದೆ.

ಒಂದು ವಾರ ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನಿಮ್ಮ ನಿಮ್ಮ ಜಾಗದ ಕಲ್ಲು ತನ್ನಿ, ಅದು ಅಲ್ಲಿಗೆ ಹೇಗೆ ಬಂತು ಅಂತ ಯೋಚಿಸಿ ಹೇಳಿ. ಹುಡುಗರು ಏನು ತಂದರು ಅನ್ನುತ್ತೀರಿ! ಒಬ್ಬ ಇಟ್ಟಿಗೆ ಚೂರು, ಒಬ್ಬಳು ಅಡುಗೆಮನೆಯ ಕಟ್ಟೆಯಿಂದ ಎದ್ದ ಸಿಮೆಂಟು. ಗೇಟಕ್ಕ ಮಾತ್ರ ಚೀಲ ತುಂಬ ಕಪ್ಪು ಕಲ್ಲು ತಂದಿದ್ದಳು. ಎಲ್ಲವನ್ನೂ ಸೋಪು ಹಾಕಿ ತೊಳೆದು, ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಮೇಜಿನ ಮೇಲೆ ಜೋಡಿಸಿದಳು. ಎದ್ದು ನಿಂತು ಸ್ಪಷ್ಟವಾಗಿ ಹೇಳಿದಳು.

"ನಮ್ಮ ಜಾಗದಲ್ಲಿ ಎಲ್ಲಿ ನೋಡಿದ್ರೂ ಇದೇ ಕಲ್ಲು ಮೇಡಂ. ಅಂಚು ಎಲ್ಲಾ ಚೂಪಾಗಿದೆ. ನೀರಲ್ಲಿ ಉರುಳಿ ಬಂದಿದ್ರೆ ದುಂಡಗಾಗ್ತಿತ್ತು ಅಂತ ನೀವೇ ಹೇಳಿದ್ರಿ. ಹಂಗಾಗಿ ಇದು ಎಲ್ಲಿಂದಲೂ ಬಂದಿದ್ದಲ್ಲ. ಅಲ್ಲೇ ಹುಟ್ಟಿ ಅಲ್ಲೇ ಒಡೆದಿದ್ದು."

ಮೇಡಂ ಒಂದು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ನಗು ಬರುತ್ತಿತ್ತು, ತಡೆದುಕೊಂಡರು.

"ನೀವು ಯೋಚನೆ ಮಾಡಿದ ರೀತಿ ಸರಿಯಾಗಿದೆ. ಆದ್ರೆ ಇದು ಹಳಿ ಕೆಳಗೆ ಹಾಕೋ ಜಲ್ಲಿ ಅಲ್ವಾ? ಇದನ್ನ ಎಲ್ಲೋ ದೂರದ ಕ್ವಾರಿಯಲ್ಲಿ ಯಂತ್ರ ಒಡೆದಿದೆ, ಅದಕ್ಕೇ ಚೂಪು. ಆಮೇಲೆ ರೈಲಲ್ಲಿ ತಂದು ಸುರಿದಿದ್ದಾರೆ."

"ಕಲ್ಲಿಗೂ ಟಿಕೆಟ್ ತೆಗೆಸಿದ್ರಾ ಗೇಟಕ್ಕ?" ಎಂದ ಒಬ್ಬ ಹುಡುಗ. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆಕೆಗೆ ನಾಚಿಕೆಯಾಯಿತು. ಕಿವಿಯವರೆಗೆ ಕೆಂಪಾಗಿ, ಕಲ್ಲುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ನಮ್ಮಲ್ಲಿ ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ಬೇರೆಯವರ ಮನೆಯ ಮುಂದೆ ಮಣ್ಣಾದರೂ ಇರುತ್ತದೆ. ಆಕೆಗೆ ಡ್ಯೂಟಿಯಲ್ಲಿ ಕಣ್ಣಿಗೆ ಬೀಳುತ್ತಿದ್ದ ನೆಲವೆಲ್ಲ ಆ ಜಲ್ಲಿಯೇ.

"ನಿಮ್ಮ ಜಾಗದ ನಿಜವಾದ ಕಲ್ಲು ಬೇಕಂದ್ರೆ ಹಳಿ ಗುಡ್ಡ ಸೀಳಿಕೊಂಡು ಹೋಗುತ್ತಲ್ಲ, ಅಲ್ಲಿ ನೋಡಿ" ಎಂದರು ಮೇಡಂ, ಸಮಾಧಾನ ಮಾಡುವ ಹಾಗೆ.

"ಅಲ್ಲಿಗೆ ಫೋನು ಕೇಳಿಸಲ್ಲ ಮೇಡಂ" ಎಂದಳು ಗೇಟಕ್ಕ. ಮೇಡಂಗೆ ಅರ್ಥವಾಗಲಿಲ್ಲ.

ವಾಪಸ್ ಬರುವಾಗ ನನ್ನ ಹಿಂದಿನ ಸೀಟಿನಲ್ಲಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ಹೇಳಿದಳು. "ಆ ಜಲ್ಲಿ ಗಾಡಿ ಬಂದಾಗ ಹಸಿರು ಬಾವುಟ ತೋರಿಸಿದ್ದೇ ನಾನು ಅಣ್ಣ. ನನ್ನ ಕಣ್ಣೆದುರಿಗೇ ಸುರಿದು ಹೋದ್ರು. ಆದ್ರೂ ಮರೆತುಬಿಟ್ಟೆ. ನೋಡಿ, ಕಲ್ಲು ಕೂಡ ರೈಲು ಹತ್ತಿದೆ. ನಾನು ಈ ಗೇಟಿಗೆ ಬಂದ ಮೇಲೆ ಒಂದು ಸಲಾನೂ ಹತ್ತಿಲ್ಲ."

ತರಗತಿಯಲ್ಲಿ ನಕ್ಕವನು ನಾನು, ಕನ್ನಡಿಯಲ್ಲಿ ಆಕೆಯ ಮುಖ ನೋಡದೆ ಗಾಡಿ ಓಡಿಸಿದೆ.

ಅದಾದ ಮೇಲೆ ಬಂತು ಪ್ರವಾಸ. ಪ್ರವಾಸ ಅಂದರೆ ಮೋಜಲ್ಲ, ಪಾಠದ ಭಾಗ. ದೂರದ ಒಂದು ನದಿ ದಂಡೆಗೆ ಹೋಗಿ, ಅಲ್ಲಿ ನೆಲ ಕುಸಿದು ಕಾಣುವ ಪದರಗಳನ್ನು ಸ್ವಂತ ಕೈಯಿಂದ ಅಳೆದು, ಚಿತ್ರ ಬರೆದು ವರದಿ ಕೊಡಬೇಕು. ವರದಿ ಕೊಡದವರಿಗೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಗೇಟಕ್ಕ ಸ್ಟೇಷನ್ ಮಾಸ್ತರರ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡು ಆ ಒಂದು ದಿನಕ್ಕೆ ಬದಲಿಯವನನ್ನು ಗೊತ್ತು ಮಾಡಿಸಿಕೊಂಡಳು. ಅಕ್ಕಪಕ್ಕದವರಿಂದ ಬೂಟು ಎರವಲು ತಂದಳು. ಅತ್ತೆ ಬುತ್ತಿ ಕಟ್ಟಿಕೊಡುತ್ತೇನೆ ಎಂದು ಮಂಡಿನೋವು ಮರೆತು ಎದ್ದು ಕೂತರಂತೆ.

ಆ ಬೆಳಿಗ್ಗೆ ನಾನು ಬಸ್ಸು ತುಂಬಿಕೊಂಡು ತಿರುವಿಗೆ ಬಂದೆ. ಗೇಟು ಬಿದ್ದಿತ್ತು. ಗೇಟಿನ ಪಕ್ಕದಲ್ಲಿ ಗೇಟಕ್ಕ ನಿಂತಿದ್ದಳು. ಕಾಲಿಗೆ ಬೂಟು, ಹೆಗಲಿಗೆ ಬ್ಯಾಗು, ತಲೆಗೆ ಟೋಪಿ. ಕೈಯಲ್ಲಿ ಬಾವುಟ.

ಬಾವುಟ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಬದಲಿಯವನು ಬೇರೆ ಗೇಟಿಗೆ ಹೋದನಂತೆ ಅಣ್ಣ. ಅಲ್ಲಿಯವರಿಗೆ ಹುಷಾರಿಲ್ವಂತೆ."

"ಬಂದೆಬಂದೆ ಇದ್ನಲ್ಲ, ಅವನೇ ಇವತ್ತೊಂದಿನ ಇರ್ಲಿ!"

"ರಾತ್ರಿಯೆಲ್ಲಾ ಮಾಡಿದವರು ಹಗಲೂ ಮಾಡೋ ಹಾಗಿಲ್ಲ. ನಿದ್ದೆಗಣ್ಣಲ್ಲಿ ಗೇಟು ಹಾಕೋದು ಮರೆತ್ರೆ? ರೂಲ್ಸು ಸರಿಯಾಗೇ ಇದೆ ಅಣ್ಣ."

ರೂಲ್ಸು ಸರಿಯಾಗಿಯೇ ಇತ್ತು. ಬೈಯಲು ಯಾರೂ ಸಿಗಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ಗೂಡ್ಸ್ ಗಾಡಿ ಬಂತು, ಬರುತ್ತಲೇ ಇತ್ತು. ಇತ್ತ ಬಸ್ಸಿನ ಕಿಟಕಿಗಳಿಂದ ಹುಡುಗರು ತಲೆ ಹಾಕಿ "ಬನ್ನಿ ಗೇಟಕ್ಕ, ಬನ್ನಿ" ಎಂದು ಕೂಗುತ್ತಿದ್ದರು. ಅವರಿಗೆ ಇನ್ನೂ ತಿಳಿದಿರಲಿಲ್ಲ. ಆಕೆ ಗಾಡಿಯ ಕಡೆಗೆ ಮುಖ ಮಾಡಿ ಹಸಿರು ಬಾವುಟ ಹಿಡಿದು ನಿಂತಳು. ಗಾಡಿ ಹೋದ ಮೇಲೆ ಹಿಡಿ ತಿರುಗಿಸಿದಳು, ಅಡ್ಡಕಂಬ ಮೇಲೆದ್ದಿತು. ತಾನು ಹೋಗಬೇಕಾಗಿದ್ದ ಬಸ್ಸಿಗೆ ತಾನೇ ದಾರಿ ಬಿಟ್ಟಳು. ದಾಟುವಾಗ ಬುತ್ತಿಯ ಡಬ್ಬಿಯನ್ನು ನನ್ನ ಕಿಟಕಿಗೆ ಎತ್ತಿ ಹಿಡಿದು "ಅತ್ತೆ ಮಾಡಿದ್ದು, ಹುಡುಗರು ತಿನ್ಲಿ" ಎಂದಳು. ಆ ದಿನ ನದಿ ದಂಡೆ ಚೆನ್ನಾಗಿತ್ತೋ ಇಲ್ಲವೋ ನನಗೆ ನೆನಪಿಲ್ಲ.

ಮರುದಿನ ತರಗತಿ ಮುಗಿದ ಮೇಲೆ ಗೇಟಕ್ಕ ಮೇಡಂ ಮುಂದೆ ನಿಂತಳು. ನಾನೂ ಹಿಂದೆ ನಿಂತೆ, ನನ್ನನ್ನು ಯಾರೂ ಕರೆದಿರಲಿಲ್ಲ. ಮೇಡಂ ಯೋಚಿಸಿ ಹೇಳಿದರು.

"ನದಿ ದಂಡೆಯೇ ಆಗ್ಬೇಕು ಅಂತ ನಿಯಮ ಇಲ್ಲ. ಪದರ ಕಾಣೋ ಯಾವ ಜಾಗ ಆದ್ರೂ ಸರಿ. ನಿಮ್ಮ ಗುಡ್ಡದ ಸೀಳೇ ಆಗ್ಲಿ. ಆದ್ರೆ ನೀವೇ ಮುಟ್ಟಿ, ನೀವೇ ಅಳೆದಿರಬೇಕು. ಹಗಲು ಬೆಳಕಲ್ಲಿ. ಟಾರ್ಚಿಗೆ ಬಣ್ಣ ಸರಿಯಾಗಿ ಕಾಣಲ್ಲ."

ಹಗಲು ಬೆಳಕು! ಅದು ಚಳಿಗಾಲದ ನಟ್ಟನಡು. ಆಕೆ ಡ್ಯೂಟಿಗೆ ಬರುವಾಗ ಸೂರ್ಯ ಹುಟ್ಟಿರುವುದಿಲ್ಲ, ಡ್ಯೂಟಿ ಬಿಡುವಾಗ ಮುಳುಗಿರುತ್ತಾನೆ. ದಿನದ ಅಷ್ಟೂ ಬೆಳಕನ್ನು ಆ ಫೋನು ನುಂಗುತ್ತಿತ್ತು. ಗೇಟಕ್ಕ ಬೆರಳಲ್ಲಿ ಏನೋ ಎಣಿಸಿ ಕೇಳಿದಳು.

"ಮೇಡಂ, ಭೂಮಿ ಓರೆಯಾಗಿರೋದಕ್ಕೆ ಚಳಿಗಾಲದಲ್ಲಿ ಹಗಲು ಚಿಕ್ಕದು ಅಂದ್ರಿ. ಇನ್ನು ಬೆಳೆಯೋದು ಯಾವಾಗಿಂದ? ಬೆಳೆಯೋದು ಬೆಳಿಗ್ಗೆ ಕಡೆಗಾ, ಸಂಜೆ ಕಡೆಗಾ?"

"ಮೊದಲು ಸಂಜೆ ಕಡೆಗೆ" ಎಂದರು ಮೇಡಂ. ಆಮೇಲೆ ಆಕೆಯ ಮುಖ ನೋಡಿ, "ಇದನ್ನ ಇಷ್ಟು ಅವಸರದಿಂದ ಕೇಳಿದವರು ನೀವೇ ಮೊದಲು" ಎಂದರು.

ಹೀಗೆ ಆಕೆ ಭೂಮಿಯ ಓರೆಯನ್ನೇ ನೆಚ್ಚಿಕೊಂಡು ಕೂತಳು. ಗೂಡಿನ ಗೋಡೆಯ ಮೇಲೆ, ಸಂಜೆ ಆರಕ್ಕೆ ಕಿಟಕಿಯ ಸರಳುಗಳ ನೆರಳು ಇದೆಯೋ ಇಲ್ಲವೋ ಎಂದು ನೋಡುವುದು. ಬಹಳ ದಿನ ಇರಲಿಲ್ಲ. ಒಂದು ಸಂಜೆ ಮಸುಕಾಗಿ ಇತ್ತಂತೆ. ಅಂಗೈಯಗಲದ ಬೆಳಕು ಸಿಕ್ಕಿತು ಅಣ್ಣ ಎಂದು ಓಡಿ ಬಂದು ಹೇಳಿದಳು. ಡ್ಯೂಟಿ ಮುಗಿದ ಮೇಲೆ, ಆ ಹೊತ್ತಿಗೆ ಗಾಡಿ ಇಲ್ಲದಾಗ, ಹಳಿಯಿಂದ ಆಚೆ ನಿಂತು ಅಳೆಯಲು ಸ್ಟೇಷನ್ ಮಾಸ್ತರರೂ ಒಪ್ಪಿದ್ದರು. ಇನ್ನು ಉಳಿದದ್ದು ಒಂದೇ. ಬಂದೆಬಂದೆ ಹೊತ್ತಿಗೆ ಸರಿಯಾಗಿ ಬರಬೇಕು. ಅವನು ಕೇರಂ ಬೋರ್ಡಿನ ಮುಂದೆ ಒಂದು ಆಟ ಹೆಚ್ಚು ಆಡಿದರೆ ಆ ಅಂಗೈಯಗಲ ಬೆಳಕೂ ಹೋಯಿತು.

ಮೊದಲ ಸಂಜೆ ಅವನು ಬರಲಿಲ್ಲ. ಎರಡನೆಯ ಸಂಜೆಯೂ ಅಷ್ಟೇ. ಗೇಟಕ್ಕ ಗೇಟಿನ ಕಂಬಕ್ಕೆ ಒರಗಿ, ಗುಡ್ಡದ ಮೇಲಿನ ಕೆಂಪು ಆರುವುದನ್ನು ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. "ಕೈಗೆ ಬಂದಿದ್ದು ಅಣ್ಣ" ಎಂದಳು, ಅಷ್ಟೇ.

ನನ್ನ ಪಿತ್ತ ನೆತ್ತಿಗೇರಿತು. ಮಾರನೆಯ ದಿನ ಬಸ್ಸನ್ನು ದಾರಿ ತಪ್ಪಿಸಿ, ಒಳಗಿನ ಹುಡುಗರ ಸಮೇತ, ಕ್ಷೌರದ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಹಿಂದಕ್ಕೆ ಹೋದೆ. ಬಂದೆಬಂದೆ ಒಂದು ಕಣ್ಣು ಮುಚ್ಚಿ ಗುರಿ ಹಿಡಿದಿದ್ದ.

"ಏಳು, ಡ್ಯೂಟಿಗೆ ಹೊತ್ತಾಯ್ತು."

"ಬಂದೆ, ಬಂದೆ. ಈ ಕೆಂಪು ಕಾಯಿ ಒಂದು..."

ನಾನು ಬೋರ್ಡಿನ ಮೇಲಿದ್ದ ಸ್ಟ್ರೈಕರ್ ಎತ್ತಿ ಜೇಬಿಗೆ ಹಾಕಿಕೊಂಡು ಬಸ್ಸಿಗೆ ನಡೆದೆ. ಅದು ಅವನದೇ ಸ್ಟ್ರೈಕರು, ಯಾರಿಗೂ ಮುಟ್ಟಗೊಡದ್ದು. ಬಾಲ ಹಿಡಿದುಕೊಂಡ ಹಾಗೆ ನನ್ನ ಹಿಂದೆಯೇ ಓಡಿ ಬಂದ. ಹುಡುಗರು ಬಾಗಿಲು ಹಾಕಿದರು. ಗೇಟಿನಲ್ಲಿ ಇಳಿಸಿದ ಮೇಲೆ ಸ್ಟ್ರೈಕರ್ ಕೇಳಿದ. "ಬೆಳಿಗ್ಗೆ ಕೊಡ್ತೀನಿ" ಎಂದೆ. ಅಂದಿನಿಂದ ಅದೇ ನಮ್ಮ ಏರ್ಪಾಡು. ಬೆಳಿಗ್ಗೆ ಸ್ಟ್ರೈಕರ್ ಅವನಿಗೆ, ಸಂಜೆ ನನಗೆ. ಬಸ್ಸು ಯಾಕೆ ಸುತ್ತು ಹೊಡೆಯುತ್ತದೆ ಎಂದು ಪ್ರಿನ್ಸಿಪಾಲರು ಕೇಳಿದರು. ರಸ್ತೆ ಕೆಟ್ಟಿದೆ ಸಾರ್ ಎಂದೆ. ರಸ್ತೆ ಕೆಟ್ಟದ್ದಂತೂ ನಿಜ.

ಗೇಟಕ್ಕ ಬಾವುಟ ವಹಿಸಿಕೊಟ್ಟವಳೇ ಗುಡ್ಡದ ಸೀಳಿನ ಕಡೆ ಓಡುತ್ತಿದ್ದಳು. ಇಷ್ಟು ವರ್ಷ ಕಣ್ಣಿಗೆ ಕಂಡೂ ಕೈಗೆ ಸಿಗದಿದ್ದ ಗೋಡೆ ಅದು. ಅಳತೆಗೆ ಬಾವುಟದ್ದೇ ಒಂದು ಹಳೆಯ ಕೋಲು, ಅದಕ್ಕೆ ಟೇಪು ನೋಡಿ ಗೆರೆ ಹಾಕಿಕೊಂಡಿದ್ದಳು. ಒಂದು ಸಂಜೆಗೆ ಒಂದು ಪದರ, ಕೆಲವು ಸಂಜೆ ಅರ್ಧ. ಬೆಳಕು ಹೋದಂತೆ ಹುಡುಗರು ಬಸ್ಸಿನಿಂದ "ಸಾಕು ಬನ್ನಿ ಅಕ್ಕಾ, ಕ್ಲಾಸು" ಎಂದು ಕೂಗುತ್ತಿದ್ದರು, ಟಿಕೆಟ್ ತೆಗೆಸಿದ್ರಾ ಎಂದಿದ್ದವನೇ ಎಲ್ಲರಿಗಿಂತ ಜೋರಾಗಿ. ದಿನ ಕಳೆದಂತೆ ಬೆಳಕು ಅಂಗೈಯಗಲದಿಂದ ಗೇಣಾಯಿತು, ಗೇಣು ಮೊಳವಾಯಿತು. ತಳದಲ್ಲಿ ಗಟ್ಟಿ ಬಂಡೆ. ಅದರ ಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಬಂಡೆ. ಅದರ ಮೇಲೆ ಯಾರೋ ಒಂದೊಂದಾಗಿ ಆರಿಸಿ ಇಟ್ಟ ಹಾಗೆ ದುಂಡು ನುಣುಪು ಕಲ್ಲುಗಳ ಒಂದು ಪಟ್ಟಿ. ಮೇಲೆ ಕೆಂಪು ಮಣ್ಣು, ಹುಲ್ಲು.

ಕೊನೆಯ ಅಳತೆಯ ದಿನ ಮೇಡಂ ತಾವೇ ಬಸ್ಸಿನಲ್ಲಿ ಬಂದರು. ನಾನೂ ಇಳಿದು ಹೋದೆ. ಅವರು ದುಂಡು ಕಲ್ಲಿನ ಪಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

"ಇವು ರೈಲಲ್ಲಿ ಬಂದಿದ್ದಲ್ಲ ತಾನೆ ಮೇಡಂ?" ಎಂದಳು ಗೇಟಕ್ಕ, ಹೆದರುತ್ತಲೇ.

"ಅಲ್ಲ. ಹೊಳೆ ತಂದಿದ್ದು. ಒಂದು ಕಾಲದಲ್ಲಿ ಇಲ್ಲೊಂದು ಹೊಳೆ ಹರೀತಿತ್ತು, ನಾವು ನಿಂತಿರೋ ಇದೇ ಜಾಗದಲ್ಲಿ. ಇದನ್ನ ಇದುವರೆಗೆ ಯಾರೂ ಬರೆದಿಟ್ಟ ಹಾಗೆ ಕಾಣೆ."

"ಆ ಹೊಳೆ ಈಗ ಎಲ್ಲಿ?"

"ದಾರಿ ಬದಲಿಸಿ ಆಚೆ ಹೋಗಿರಬೇಕು."

ಗೇಟಕ್ಕ ಒಂದು ದುಂಡು ಕಲ್ಲನ್ನು ಕಿತ್ತು ಸೆರಗಿನಲ್ಲಿ ಒರೆಸಿದಳು. "ಅದಕ್ಕೆ ರಜೆ ಕೊಟ್ಟೋರು ಯಾರು?" ಎಂದಳು. ಮೇಡಂ ನಕ್ಕರು. ಆಕೆ ನಗಲಿಲ್ಲ.

ವರದಿ ಒಪ್ಪಿತವಾಯಿತು. ಪರೀಕ್ಷೆ ಬರೆದಳು, ಪಾಸಾದಳು, ತರಗತಿಗೆ ಎರಡನೆಯವಳಾಗಿ. ಪದವಿ ಕೈಗೆ ಬಂತು. ವಯಸ್ಸು ಮೀರುವುದಕ್ಕೆ ಸ್ವಲ್ಪ ಮುಂಚೆ ಇಲಾಖೆಯ ಪರೀಕ್ಷೆಯೂ ಆಯಿತು, ಅದಕ್ಕೆ ಮಾತ್ರ ಬದಲಿಯವನು ಬಂದ. ಆಮೇಲೆ ಒಂದು ಬೆಳಿಗ್ಗೆ ಗೇಟು ತೆರೆದಿದ್ದರೂ ನನ್ನನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಆದೇಶದ ಕಾಗದ ತೋರಿಸಿದಳು. ದೊಡ್ಡ ಸ್ಟೇಷನ್ನಿಗೆ, ಟಿಕೆಟ್ ಕಿಟಕಿಗೆ. ಅತ್ತೆ ಅಷ್ಟು ಹೊತ್ತಿಗಾಗಲೇ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದ್ದರು. ಬಸ್ಸಿನಲ್ಲಿ ಹುಡುಗರು ಕೂಗಾಡಿದರು, ನಾನು ಎಷ್ಟೋ ಕಾಲದ ಮೇಲೆ ಆ ಗೇಟಿನಲ್ಲಿ ಹಾರ್ನ್ ಹೊಡೆದೆ, ಉದ್ದಕ್ಕೆ.

ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. ಸಂತೋಷದಲ್ಲಿ ನಾವ್ಯಾರೂ ಅದನ್ನು ಓದಲಿಲ್ಲ. ಗೇಟಿಗೆ ಬೇರೆಯವರು ಬಂದು ಅಧಿಕಾರ ವಹಿಸಿಕೊಂಡ ನಂತರ ಇವರನ್ನು ಬಿಡುಗಡೆ ಮಾಡತಕ್ಕದ್ದು, ಅಂತ.

ಬೇರೆಯವರು ಬರಲಿಲ್ಲ. ಒಬ್ಬನನ್ನು ಹಾಕಿದರು, ಅವನು ಬಂದು ಕ್ವಾರ್ಟರ್ಸ್ ನೋಡಿ, ಪಾತ್ರೆಗಳ ಗಲಗಲ ಕೇಳಿ, ಹೋದವನು ಹೋದನೇ. ಇನ್ನೊಬ್ಬನಿಗೆ ಯಾರೋ ದೊಡ್ಡವರ ಪರಿಚಯವಿತ್ತು, ಬೇರೆ ಕಡೆ ಹಾಕಿಸಿಕೊಂಡ. ಗೇಟನ್ನು ಖಾಲಿ ಬಿಡುವ ಹಾಗಿಲ್ಲ, ರೂಲ್ಸು ಸರಿಯಾಗಿಯೇ ಇದೆ. ಗೇಟಕ್ಕ ಅರ್ಜಿ ಹಾಕಿದಳು, ಮೇಡಂ ಬರೆದುಕೊಟ್ಟರು, ನಾನೇ ಒಂದು ದಿನ ಆಫೀಸಿಗೆ ಹೋಗಿ ಬಾಯಿಗೆ ಬಂದ ಹಾಗೆ ಮಾತಾಡಿ ಬಂದೆ. ಎಲ್ಲರೂ ಮರ್ಯಾದೆಯಿಂದಲೇ ಹೇಳುತ್ತಾರೆ, ಬದಲಿಯವರು ಬಂದ ಕೂಡಲೇ ಅಂತ. ಗೋಣಿಗೆ ತುಂಬಿದ ಪಾತ್ರೆಗಳನ್ನು ಅತ್ತೆ ಒಂದೊಂದಾಗಿ ಹೊರಗೆ ತೆಗೆದರು. ಅನ್ನಕ್ಕೆ ಬೇಕಲ್ಲ ಎಂದು ಮೊದಲು ಒಂದು, ಸಾರಿಗೆ ಬೇಕಲ್ಲ ಎಂದು ಇನ್ನೊಂದು. ಈಗ ಗೋಣಿ ಬರಿದಾಗಿದೆ, ಬಾಗಿಲಲ್ಲಿ ಕಾಲು ಒರೆಸಲು ಹಾಸಿದ್ದಾರೆ.

ಇನ್ನೊಂದು ಸಂಗತಿ ಇದೆ. ಗೇಟಕ್ಕನ ವರದಿ ಓದಿದ ಮೇಲೆ ಕಾಲೇಜು ದೂರದ ನದಿ ದಂಡೆಗೆ ಹೋಗುವುದನ್ನು ಬಿಟ್ಟಿತು. ಹತ್ತಿರದಲ್ಲೇ ಇಷ್ಟು ಒಳ್ಳೆಯ ಜಾಗ ಇರುವಾಗ ಅಷ್ಟು ದೂರ ಯಾಕೆ ಎಂದರು ಪ್ರಿನ್ಸಿಪಾಲರು. ಈಗ ವರ್ಷವರ್ಷವೂ ಪ್ರವಾಸ ಆ ಗುಡ್ಡದ ಸೀಳಿಗೇ. ನಾನೇ ಕರೆತರುತ್ತೇನೆ.

ಈ ವರ್ಷವೂ ಬಂದೆವು. ಹೊಸ ಹುಡುಗರು, ಅದೇ ಮೇಡಂ. ಬಸ್ಸನ್ನು ಗೇಟಿನ ಪಕ್ಕ ನಿಲ್ಲಿಸಿದೆ. ಎಲ್ಲರೂ ಹಗ್ಗ, ಟೇಪು, ಸುತ್ತಿಗೆ ಹಿಡಿದು ಸಾಲಾಗಿ ಗುಡ್ಡದ ಕಡೆ ಹೋದರು. ಗೇಟಕ್ಕ ಗೂಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದೆ. ಗೂಡಿನ ಕಿಟಕಿಯಲ್ಲಿ ಆ ದುಂಡು ಕಲ್ಲು ಇದೆ, ಕೆಳಗೆ ಜಲ್ಲಿ ಕಲ್ಲೂ ಒಂದು. ನಾನು ಕಲ್ಲುಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬಳು ಹುಡುಗಿ ನೀರು ಕೇಳಿಕೊಂಡು ನಲ್ಲಿಯ ಹತ್ತಿರ ಬಂದಳು.

"ದುಂಡು ಕಲ್ಲಿನ ಪಟ್ಟಿ ನೋಡಿದ್ಯಾಮ್ಮ?" ಎಂದಳು ಗೇಟಕ್ಕ. "ಹೇಗಿದೆ? ಮಳೆಗೆ ಎಡಗಡೆ ಕುಸಿದಿರಬೇಕು. ಮೇಲೆ ಕೆಂಪು ಮಣ್ಣಲ್ಲಿ ಬೇರು ಇಳಿದಿದ್ಯಾ?"

"ನಿಮಗೆ ಹೇಗೆ ಗೊತ್ತು ಆಂಟಿ? ಅದನ್ನ ಕಂಡುಹಿಡಿದವರು ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿನಿ ಅಂತ ಮೇಡಂ ಹೇಳಿದ್ರು. ದೊಡ್ಡ ಸ್ಟೇಷನ್ನಲ್ಲಿ ಅವರಿಗೆ ಕೆಲಸ ಸಿಕ್ತಂತೆ, ಈಗ ಅಲ್ಲಿಗೆ ಹೋಗಿರ್ತಾರೆ ಅಲ್ವಾ?"

ನಾನು ತಲೆ ತಗ್ಗಿಸಿದೆ. ಗೇಟಕ್ಕ ಹುಡುಗಿಯ ಬಾಟಲಿ ತುಂಬಿಸಿ, ಮುಚ್ಚಳ ತಿರುಗಿಸಿ ಕೈಗೆ ಕೊಟ್ಟಳು.

"ಹೋಗ್ತಾನೇ ಇದ್ದಾಳಮ್ಮ" ಎಂದಳು. "ಉಗುರು ಬೆಳೆಯೋ ವೇಗದಲ್ಲಿ. ಗೇಟ್ ಸಮೇತ."

ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ನಕ್ಕು ಓಡಿಹೋದಳು. ಹೋಗು ಗೇಟಕ್ಕ, ಒಂದು ಸಲ ಹೋಗಿ ನೋಡಿಕೊಂಡು ಬಾ, ಇಲ್ಲಿ ನಾನು ಇರುತ್ತೇನೆ ಎಂದು ನಾಲಿಗೆ ತುದಿಗೆ ಬಂದಿತ್ತು. ಗೂಡಿನೊಳಗೆ ಫೋನು ಹೊಡೆದುಕೊಂಡಿತು.